ನಿಗಡಿಯ ಮಳೆ, ನೀಲಿ ಫ್ಯೂಸು

ಜುಲೈನ ಒಂದು ಬೆಳಿಗ್ಗೆ ಅವ್ವನನ್ನು ಧಾರವಾಡಕ್ಕೆ ಬಿಟ್ಟುಬರಲು ನಿಗಡಿ ಪ್ರಾಧಿಕರಣದ ಮನೆಯಿಂದ ಹೊರಟಿದ್ದೆ. ಭಕ್ತಿ-ಶಕ್ತಿ ಚೌಕದಲ್ಲಿ ಶಿವಾಜಿ-ತುಕಾರಾಮರ ಭೇಟಿಯ ಪ್ರತಿಮೆಗಳು ಮಳೆಯಲ್ಲಿ ಮಸುಕಾಗಿದ್ದವು. ಅಲ್ಲೇ ವೈಪರ್ ನಿಂತಿತು.

ಗಾಡಿ ಬದಿಗೆ ಹಾಕಿ, ಸ್ಟೀರಿಂಗ್ ಕೆಳಗಿನ ಫ್ಯೂಸ್ ಡಬ್ಬಿ ತೆಗೆದೆ. ಮುಚ್ಚಳದ ಮೇಲಿನ ನಕ್ಷೆ ನೋಡಿ ವೈಪರ್‌ನ ನೀಲಿ ಫ್ಯೂಸ್ ಕಿತ್ತರೆ ಒಳಗಿನ ಎಳೆ ಕರಗಿತ್ತು. ಇನ್ನೊಂದು ನೀಲಿ, ಅಂದರೆ 15 ಆಂಪಿಯರ್‌ನದೇ, ಹಾಕಿದೆ. ವೈಪರ್ ಚಾಲೂ ಮಾಡಿದ ತಕ್ಷಣ ಅದೂ ಹೋಯಿತು. ಉಳಿದದ್ದು ಹಸಿರು, 30ರದು. ಹಾಕಿಯೇ ಬಿಡುತ್ತಿದ್ದೆ.

ಪಕ್ಕದ ಗ್ಯಾರೇಜಿನ ಹುಡುಗ ಮರಾಠಿಯಲ್ಲಿ ತಡೆದ. ಅವ್ವ "ಏನಂತಾನೋ?" ಎಂದದ್ದೇ ತಡ, ಕನ್ನಡಕ್ಕೆ ತಿರುಗಿದ. "ದೊಡ್ಡದು ಹಾಕಬ್ಯಾಡ್ರಿ ಸರ್. ಫ್ಯೂಸ್ ಉಳೀತದ, ವೈರ್ ಸುಡ್ತದ."

"ಯಾವೂರಪಾ ನಿಂದು?"

"ಇಂಡಿ ಕಡೆದಾಂವ್ರೀ ಅವ್ವಾರ."

ಬಾನೆಟ್ ಎತ್ತಿ ವೈಪರ್ ಮೋಟಾರಿಗೆ ಹೋಗುವ ವೈರನ್ನು ಬೆರಳಲ್ಲೇ ಸವರುತ್ತಾ ಹೋದ. ಒಂದು ಕಡೆ ಇಲಿ ಕಡಿದು ತಾಮ್ರ ಬಯಲಾಗಿ, ಬಾಡಿಗೆ ತಾಗುತ್ತಿತ್ತು. ಕತ್ತರಿಸಿ, ಜೋಡಿಸಿ, ಟೇಪ್ ಸುತ್ತಿ ಮತ್ತೆ ನೀಲಿಯನ್ನೇ ಹಾಕಿದ. ವೈಪರ್ ಓಡಿತು.

ಸರ್ವರ್ ಬಿದ್ದಾಗ ಸುಮ್ಮನೆ ರೀಸ್ಟಾರ್ಟ್ ಮಾಡಬೇಡಿ, ಕಾರಣ ಹುಡುಕಿ ಎಂದು ಆಫೀಸಿನ ಹುಡುಗರಿಗೆ ದಿನವೂ ಹೇಳುವವನು ನಾನೇ. ಹಿಂದಿನ ಸೀಟಿನಲ್ಲಿ ಅವ್ವ ಕೂತಿದ್ದಾಗಲೇ ಅದನ್ನು ಮರೆತಿದ್ದೆ.

ಅವ್ವ ದಾರಿಗೆಂದು ಕಟ್ಟಿಕೊಂಡಿದ್ದ ಬುತ್ತಿ ಬಿಚ್ಚಿ, ಅವನ ಕೈಗೆ ಎರಡು ಖಟಕ ರೊಟ್ಟಿ, ಶೇಂಗಾ ಚಟ್ನಿ ಇಟ್ಟಳು.