ಯೊಸೆಮಿಟಿಯ ಕಲ್ಲಿನ ಗುಮ್ಮಟಗಳು

ಅಮೆರಿಕ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸಿಯೆರಾ ನೆವಾಡವೆಂಬ ಪರ್ವತಶ್ರೇಣಿಯುಂಟು. ಅಲ್ಲಿಯ ಯೊಸೆಮಿಟಿಯು 1890ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನವೆಂದೊಡನೆ ವಾಚಕರು ಹೂವಿನ ಪಾತಿಗಳನ್ನು ನೆನೆಯಬಾರದು. ಇಲ್ಲಿ ಬೆಳೆದು ನಿಂತಿರುವುದು ಬಂಡೆ.

ಭೂಗರ್ಭದಲ್ಲಿ ಕರಗಿದ್ದ ದ್ರವವು ತಣಿದು ಗ್ರಾನೈಟ್ ಶಿಲೆಯಾಯಿತು. ಮೇಲಿನ ಹೊರೆ ಸವೆದು ಹೋದಂತೆಲ್ಲ ಒತ್ತಡವಿಳಿದು, ಶಿಲೆಯು ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಬಿಡತೊಡಗಿತು. ಮೂಲೆಗಳು ಉದುರಿ ಗುಮ್ಮಟವುಳಿಯಿತು.

ಇವುಗಳಲ್ಲಿ ಪ್ರಸಿದ್ಧವಾದುದು 'ಹಾಫ್ ಡೋಮ್', ಅರ್ಧಗುಮ್ಮಟ. ಸಮುದ್ರಮಟ್ಟದಿಂದ 8,839 ಅಡಿ. ಕಣಿವೆಯ ನೆಲದಿಂದ ಸುಮಾರು 4,800 ಅಡಿ. ಆದರೆ ಪರ್ವತಜ್ಞರಿಗೆ ಮೂರನೆಯದೊಂದು ಅಳತೆ ಬೇಕು. ಶಿಖರದಿಂದ ಹೊರಟು ಅದಕ್ಕಿಂತ ಎತ್ತರವಾದ ಇನ್ನೊಂದು ಶಿಖರವನ್ನು ಸೇರಲು, ಆದಷ್ಟು ಕಡಮೆ ಇಳಿಯುವ ದಾರಿಯಲ್ಲಿ, ಎಷ್ಟು ಇಳಿಯಲೇಬೇಕಾಗುವುದೋ ಅಷ್ಟೇ ಆ ಶಿಖರದ ಸ್ವಂತ ಎತ್ತರ. ಇದನ್ನು 'ಸ್ವೋನ್ನತಿ' ಎಂದು ಕರೆಯುತ್ತೇನೆ, ಪಂಡಿತರು ಮನ್ನಿಸಬೇಕು. ಅರ್ಧಗುಮ್ಮಟದ ಈಶಾನ್ಯಕ್ಕೆ 9,926 ಅಡಿಯ 'ಕ್ಲೌಡ್ಸ್ ರೆಸ್ಟ್' ಇದೆ, ಮೇಘಗಳ ವಿಶ್ರಾಂತಿಸ್ಥಾನ. ನಡುವಿನ ತಗ್ಗು ಸುಮಾರು 7,480 ಅಡಿ. ಆದುದರಿಂದ ನಮ್ಮ ಗುಮ್ಮಟದ ಸ್ವೋನ್ನತಿ ಸುಮಾರು 1,360 ಅಡಿ ಮಾತ್ರ! ಈ ಲೆಕ್ಕದಲ್ಲಿ ಶಿಖರಕ್ಕಿಂತ ತಗ್ಗನ್ನು ಅಳೆಯುವುದೇ ಕಷ್ಟ. ನಕ್ಷೆಯ ಸಮೋನ್ನತಿ ರೇಖೆಗಳು 40 ಅಡಿಗೊಂದರಂತೆ ಇದ್ದರೆ, ತಗ್ಗು ಎರಡು ರೇಖೆಗಳ ನಡುವೆ ಎಲ್ಲಿಯಾದರೂ ಅಡಗಿರಬಹುದು. ನೆರೆಯ ಶಿಖರವು ಸಾವಿರ ಅಡಿ ಮಿಗಿಲಾದರೂ ಪ್ರವಾಸಿಗಳ ಕಣ್ಣು ನೆಡುವುದು ಗುಮ್ಮಟದ ಮೇಲೆಯೇ. ಅದಕ್ಕೆ ಆ ಕಡಿದಾದ ಮುಖವೇ ಕಾರಣವೆಂದು ನನ್ನೆಣಿಕೆ.

1875ರಲ್ಲಿ ಜಾರ್ಜ್ ಆಂಡರ್ಸನ್ ಎಂಬಾತನು ಬಂಡೆಯಲ್ಲಿ ರಂಧ್ರ ಕೊರೆದು, ಕಬ್ಬಿಣದ ಗೂಟ ನೆಟ್ಟು, ಮೊದಲು ಮೇಲೇರಿದನು. 1919ರಲ್ಲಿ ಕಡೆಯ 400 ಅಡಿಗೆ ಉಕ್ಕಿನ ಹಗ್ಗಗಳನ್ನು ಕಟ್ಟಿದರು. ಈಗ ಹಗ್ಗ ಹಿಡಿದು ಹತ್ತಲು ಅಪ್ಪಣೆಚೀಟಿ ಬೇಕು, ಅದೂ ಲಾಟರಿಯಿಂದ.

ನನ್ನ ಕಿರಿಯ ಮಗನಿಗೆ ಆ ಚೀಟಿ ದೊರಕಿತು. ನಾನೂ ಅವನ ತಾಯಿಯೂ ಕೆಳಗೆ ನದೀತೀರದಲ್ಲಿ ಕುಳಿತೆವು. 1985ರಲ್ಲಿ ಶಿಖರದ ಮೇಲೆ ಸಿಡಿಲು ಬಡಿದು ಇಬ್ಬರು ಮೃತರಾದರೆಂಬುದನ್ನು ಆಕೆಗೆ ಹೇಳಿರಲಿಲ್ಲ. ಹನ್ನೊಂದು ಗಂಟೆಗೆ ಮೋಡ ಕವಿಯಿತು. ಒದ್ದೆಯಾದ ಗ್ರಾನೈಟ್ ಗಾಜಿನಂತೆ ಜಾರುವುದು. ಸಂಜೆ ಬಂದ ಮಗನು, ಹಗ್ಗದ ಬುಡ ಮುಟ್ಟಿ ಹಿಂದಿರುಗಿದೆನೆಂದನು. "ನಾನೂರು ಅಡಿ ಉಳಿಯಿತಲ್ಲ, ಅಪ್ಪ" ಎಂದು ಪೇಚಾಡಿದನು. ಅವನ ತಾಯಿ ಮಾತನಾಡದೆ ಬುತ್ತಿಯ ಗಂಟನ್ನು ಬಿಚ್ಚಿದಳು.