ಸಿದ್ದಾಪುರ ಕೇಳಿದ ಸದ್ದು

ಸಂಜೆ ಬಿಸಿಲಿಗೆ ಬ್ರಹ್ಮಗಿರಿಯ ಬಂಡೆಗಳು ಕೆಂಪೇರಿವೆ. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಗುಡಿ ಮುಂದಿನ ಕಟ್ಟೆಯ ಕಲ್ಲು ಇನ್ನೂ ಬೆಚ್ಚಗಿದೆ. ಎದುರಿನ ಅಂಗಳದಲ್ಲಿ ಕಿತ್ತು ತಂದ ಶೇಂಗಾ ಬಳ್ಳಿಯ ರಾಶಿ. ಸುತ್ತ ಕೂತ ಹೆಂಗಸರು ಕಾಯಿ ಬಿಡಿಸಿ ಪುಟ್ಟಿಗೆ ಎಸೆಯುತ್ತಿದ್ದಾರೆ. ಕುರಿಗಳು ಹಟ್ಟಿ ಸೇರಿವೆ, ಅವು ಎಬ್ಬಿಸಿದ ದೂಳು ಇನ್ನೂ ಇಳಿದಿಲ್ಲ. ಕಟ್ಟೆಯ ಮೇಲೆ ಪುಟ್ಟ ಬ್ಲೂಟೂತ್ ಸ್ಪೀಕರ್ ಇಟ್ಟು ಫೋನ್ ಒತ್ತುತ್ತೇನೆ.

ಮೊದಲು ಗೊರಗೊರ. ನಿಂತಿತು ಅನ್ನುವಷ್ಟರಲ್ಲಿ ಸದ್ದು ಕೀರಲಾಗಿ ಮೇಲೇರುತ್ತದೆ, ಅಲ್ಲಿಂದ ಜಾರಿ ಕೆಳಗಿಳಿಯುತ್ತದೆ, ಮತ್ತೆ ಏರುತ್ತದೆ. ರಾಗವಿಲ್ಲ, ತಾಳವಿಲ್ಲ.

"ಯಾಕಪ್ಪ, ಕೆಟ್ಟೋಗೈತಾ ಅದು?" ಶೇಂಗಾ ರಾಶಿಯ ಹತ್ತಿರದಿಂದ ಒಬ್ಬ ಅಜ್ಜಿ ಕೇಳುತ್ತಾರೆ.

"ಕೆಟ್ಟಿಲ್ಲಜ್ಜಿ, ಅದು ಇರೋದೇ ಹಂಗೆ."

"ಹಂಗೇ ಇರೋದಾದ್ರೆ ಯಾತಕ್ಕೆ ಕೇಳ್ಬೇಕು?"

ನ್ಯಾಯವಾದ ಪ್ರಶ್ನೆ. ಈ ಆಲ್ಬಂ ಬಗ್ಗೆ ಯಾರು ಏನು ಬರೆದರೂ ಅಜ್ಜಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು.

ನಾವು ಕೇಳುತ್ತಿರುವುದು 'ದಿ ಎನ್‌ಐಡಿ ಟೇಪ್ಸ್'. 1969ರಿಂದ 1972ರವರೆಗೆ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ನಲ್ಲಿ ತಯಾರಾದ ಎಲೆಕ್ಟ್ರಾನಿಕ್ ಸಂಗೀತ. ಅಮೆರಿಕದ ಡೇವಿಡ್ ಟ್ಯೂಡರ್ ಅಲ್ಲಿಗೆ ಬಂದು ಸ್ಟುಡಿಯೊ ಕಟ್ಟಲು ನೆರವಾದರು. ನ್ಯೂಯಾರ್ಕಿನಿಂದ ಮೂಗ್ ಸಿಂಥಸೈಜರ್ ತರಿಸಲಾಯಿತು. ಮೂರೇ ವರ್ಷಕ್ಕೆ ಕೆಲಸ ನಿಂತಿತು. ಟೇಪಿನ ಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದವು. ಲಂಡನ್ನಿನ ಕಲಾವಿದ ಪಾಲ್ ಪರ್ಗಸ್ ದಶಕಗಳ ನಂತರ ಅವನ್ನು ಹುಡುಕಿ ತೆಗೆದರು, 2023ರಲ್ಲಿ ಆಲ್ಬಂ ಹೊರಬಂತು. ಆಮೇಲೆ ದೊಡ್ಡ ಊರುಗಳ ಸಂಗೀತಪ್ರಿಯರು ಅದನ್ನು ಬೇಕಾದಷ್ಟು ಕೊಂಡಾಡಿದರು. ಸದ್ದಿನ ನಡುವೆಯೇ ಬದುಕುವ, ಸದ್ದನ್ನೇ ಕೆಲಸ ಮಾಡಿಕೊಂಡಿರುವ ಜನರ ಮುಂದೆ ಇದನ್ನು ಹಾಕಬೇಕು ಅನ್ನುವ ಆಸೆ ನನ್ನನ್ನು ಈ ಕಟ್ಟೆಗೆ ತಂದಿದೆ.

ಅಂಗಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಹಿರಿಯರೊಬ್ಬರು ಕೈ ಎತ್ತುತ್ತಾರೆ. "ಅದನ್ನೇ ಇನ್ನೊಂದ್ಸಲ ಹಾಕು ಮಗ."

ಅವರು ಉರುಮೆ ಬಾರಿಸುವವರು. ಮೊದಲು ಕೇಳಿಸಿದ, ಟ್ಯೂಡರ್ ಅವರದೇ ತುಣುಕು ಮತ್ತೆ ಶುರುವಾಗುತ್ತದೆ. ಸದ್ದು ಜಾರುವ ಜಾಗಕ್ಕೆ ಬಂದಾಗ ಅವರ ಬಲಗೈ ತಾನಾಗಿ ಗಾಳಿಯನ್ನು ಉಜ್ಜುತ್ತದೆ. ಉರುಮೆಗೆ ಎರಡು ಮುಖ. ಒಂದನ್ನು ಹೊಡೆಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ಮೊರೆತ ಒಂದು ಸ್ವರದಲ್ಲಿ ನಿಲ್ಲುವುದಿಲ್ಲ, ಕೆಳಗಿನಿಂದ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಹೋದವರಿಗೆ ಆ ಮೊರೆತ ಎದೆಯೊಳಗೆ ಗೊತ್ತು. ಮೂಗ್ ಯಂತ್ರದಲ್ಲಿ ವೋಲ್ಟೇಜನ್ನು ಏರಿಸಿ ಇಳಿಸಿ ಸ್ವರವನ್ನು ಜಾರಿಸುತ್ತಾರೆ. ಚರ್ಮ ಮತ್ತು ಕೋಲು ಮಾಡುವ ಕೆಲಸವನ್ನೇ ಅಲ್ಲಿ ವಿದ್ಯುತ್ತು ಮಾಡುತ್ತದೆ.

"ಉಜ್ಜೋದು ಗೊತ್ತೈತೆ ಅವ್ರಿಗೆ," ಅನ್ನುತ್ತಾರೆ. "ಯಾಕೆ ಉಜ್ಜಬೇಕು ಅನ್ನೋದು ಗೊತ್ತಿಲ್ಲ. ನಾವು ಉಜ್ಜಿದ್ರೆ ಯಾರಿಗಾದ್ರೂ ದೇವ್ರು ಬರ್ಬೇಕು."

ಟ್ಯೂಡರ್ ಅವರ ತುಣುಕಿನ ಬಗ್ಗೆ ಇಷ್ಟು ನಿಖರವಾದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ. ಅದು ಯಂತ್ರ ಏನೇನು ಮಾಡಬಲ್ಲದು ಎಂದು ತೋರಿಸುವ ತುಣುಕು. ಕೇಳುವವರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಯೋಚನೆ ಅದರಲ್ಲಿ ಕಾಣುವುದಿಲ್ಲ.

ಮುಂದೆ ಗೀತಾ ಸಾರಾಭಾಯಿ ಅವರ ರಚನೆ. ಅವರು ಪಖವಾಜ್ ಬಾರಿಸುತ್ತಿದ್ದವರು ಅಂದಾಗ ಹಿರಿಯರು ತಲೆ ಎತ್ತುತ್ತಾರೆ. "ಹೆಣ್ಮಗಳಾ?" ಹೌದು. 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಎಂಬ ಸಂಗೀತಗಾರರಿಗೆ ನಮ್ಮ ಸಂಗೀತ ಹೇಳಿಕೊಟ್ಟು, ಅವರದನ್ನು ಕಲಿತು ಬಂದವರು. ಸಂಗೀತ ಇರುವುದು ಮನಸ್ಸನ್ನು ತಣ್ಣಗೆ ಮಾಡಲು ಎಂದು ಅವರ ಗುರುಗಳು ಹೇಳುತ್ತಿದ್ದರಂತೆ. ಕೇಜ್ ಆ ಮಾತನ್ನು ಜೀವನವಿಡೀ ಹಿಡಿದುಕೊಂಡರು. ಉರುಮೆಯ ಹಿರಿಯರು ಸ್ವಲ್ಪ ಹೊತ್ತು ಕೇಳಿ ತಲೆಯಾಡಿಸುತ್ತಾರೆ. "ತಣ್ಣಗಾಗೋದು ಆಮೇಲಿನ ಮಾತು. ಮೊದ್ಲು ಮೈ ಏಳ್ಬೇಕು."

ಕತ್ತಲು ಇಳಿಯುತ್ತಿದೆ. ಬೀದಿದೀಪ ಹತ್ತಿಕೊಂಡಿತು. ಐ.ಎಸ್. ಮಾಥುರ್ ಅವರ 'ಮೈ ಬರ್ಡ್ಸ್' ಹಾಕುತ್ತೇನೆ. ಹೆಸರು ಕೇಳಿದ್ದೇ ತಡ, ಯಾವ ಹಕ್ಕಿ ಎಂಬ ಜಗಳ ಹೆಂಗಸರ ನಡುವೆ ಹತ್ತಿಕೊಳ್ಳುತ್ತದೆ. ಗುಬ್ಬಿ ಅನ್ನುತ್ತಾರೆ ಒಬ್ಬರು, ಕೌಜುಗ ಅನ್ನುತ್ತಾರೆ ಇನ್ನೊಬ್ಬರು. ಹೈಸ್ಕೂಲಿನ ಹುಡುಗಿಯೊಬ್ಬಳು ಕೊನೆಗೆ ಬಾಯಿ ಬಿಡುತ್ತಾಳೆ: "ಯಾವ ಹಕ್ಕೀನೂ ಅಲ್ಲ. ಹಕ್ಕಿ ಕೂಗಿದ್ರೆ ಇನ್ನೊಂದು ಹಕ್ಕಿ ಉತ್ತರ ಕೊಡುತ್ತೆ. ಇಲ್ಲಿ ಯಾರೂ ಉತ್ತರ ಕೊಡ್ತಿಲ್ಲ." ಜಗಳ ಅಲ್ಲಿಗೆ ಮುಗಿಯಿತು.

ಜಿನರಾಜ್ ಜೋಶಿಪುರ ಅವರ 'ಸ್ಪೇಸ್ ಲೈನರ್ 2001' ಬರುವ ಹೊತ್ತಿಗೆ ಗಂಡಸರೂ ಕಟ್ಟೆಗೆ ಸೇರಿದ್ದಾರೆ. ಜೋಶಿಪುರ ಆಗ ಎಳೆಯ ಹುಡುಗ. ಬಾಹ್ಯಾಕಾಶದಲ್ಲಿ ಹೋಗುವ ಹಡಗಿನ ಕನಸನ್ನು ಉದ್ದದ ಗುಂಯ್‌ಗುಟ್ಟುವ ಸದ್ದಿನಲ್ಲಿ ಕಟ್ಟಿದ್ದಾರೆ. ನನಗೆ ಅದರಲ್ಲಿ ಬೆರಗು ಕೇಳಿಸುತ್ತದೆ. ಕುರಿ ಕಾಯುವ ನಡುವಯಸ್ಸಿನವರಿಗೆ ಬೇರೆಯೇ ಕೇಳಿಸುತ್ತದೆ.

"ಇದು ಕುದಾಪುರದ ಡ್ರೋನು," ಅನ್ನುತ್ತಾರೆ. "ಈ ಸದ್ದಿಗೆ ಕುರಿ ಮೇಯೋದು ಬಿಟ್ಟು ತಲೆ ಎತ್ತಾವೆ. ಆ ಕಾವಲಿಗೆ ಬೇಲಿ ಬಿತ್ತು, ನಮ್ ಕುರಿ ಹೊರಗೆ ಉಳಿದ್ವು. ನನಗೆ ಬ್ಯಾಡ ಇದು."

ಕುದಾಪುರವೂ ಸೇರಿದಂತೆ ಚಳ್ಳಕೆರೆ ಸೀಮೆಯ ಅಮೃತಮಹಲ್ ಕಾವಲುಗಳಲ್ಲಿ ಈಗ ವಿಜ್ಞಾನ ಸಂಸ್ಥೆಗಳಿವೆ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಶುರುವಾಯಿತು. 2019ರ ಸೆಪ್ಟೆಂಬರಿನಲ್ಲಿ ಪರೀಕ್ಷೆಯಲ್ಲಿದ್ದ ಮಾನವರಹಿತ ವಿಮಾನವೊಂದು ಜೋಡಿಚಿಕ್ಕೇನಹಳ್ಳಿಯ ಜಮೀನಿಗೆ ಬಂದು ಬಿತ್ತು. ಅಹಮದಾಬಾದಿನ ಹುಡುಗನ ಕನಸು ಈ ಸೀಮೆಯಲ್ಲಿ ನಿಜವಾಗಿ ತಲೆಯ ಮೇಲೆ ಹಾರುತ್ತಿದೆ. ಸದ್ದಿನ ಜೊತೆಗೆ ಅದು ಕಿತ್ತುಕೊಂಡ ಹುಲ್ಲೂ ನೆನಪಾದರೆ, ಆ ಸದ್ದು ಬೇಡ ಅನ್ನಲು ಕುರಿ ಕಾಯುವವರಿಗೆ ಪೂರ್ತಿ ಹಕ್ಕಿದೆ.

ಈಗ ಎಸ್.ಸಿ. ಶರ್ಮಾ ಅವರ 'ಡ್ಯಾನ್ಸ್ ಮ್ಯೂಸಿಕ್'.

ಒಂದೇ ಅಳತೆಯ ಬಡಿತ, ಅದರ ಮೇಲೆ ಚಿಕ್ಕ ಚಿಕ್ಕ ಸ್ವರಗಳ ಸುತ್ತು. ಮೊದಲು ಯಾರೂ ಏನೂ ಹೇಳುವುದಿಲ್ಲ. ಶೇಂಗಾ ರಾಶಿಯ ಕಡೆ ನೋಡಿ. ಇಷ್ಟು ಹೊತ್ತು ಒಬ್ಬೊಬ್ಬರ ಕೈ ಒಂದೊಂದು ಗತಿಯಲ್ಲಿತ್ತು, ಪುಟ್ಟಿಗೆ ಕಾಯಿ ಬೀಳುವ ಸದ್ದು ಚೆಲ್ಲಾಪಿಲ್ಲಿಯಾಗಿತ್ತು. ಈಗ ಆ ಕೈಗಳು ಒಟ್ಟಿಗೆ ಬರುತ್ತಿವೆ. ಯಾರೂ ಬೇಕೆಂದು ಮಾಡುತ್ತಿಲ್ಲ. ಕಾಯಿ ಬೀಳುವುದು ಬಡಿತದ ಮೇಲೇ.

"ಇದು ಬೇಸೈತೆ," ಅಜ್ಜಿ ಹೇಳುತ್ತಾರೆ. "ಕೈ ಓಡ್ತೈತೆ."

ಹಬ್ಬಕ್ಕೆಂದು ಊರಿಗೆ ಬಂದ, ಬೆಂಗಳೂರಿನಲ್ಲಿ ಕೆಲಸ ಮಾಡುವ ಹುಡುಗ ಫೋನಿನಲ್ಲಿ ಇಸವಿ ನೋಡಿ ನಂಬುವುದಿಲ್ಲ. "ಅಣ್ಣ, ಇದು ಟೆಕ್ನೋ. ಐವತ್ತು ವರ್ಷದ ಹಿಂದೆ ಯಾರು ಮಾಡ್ತಿದ್ರು ಇದನ್ನ?" ಮಾಡಿದ್ದರು, ಯಾರೂ ಕೇಳಿರಲಿಲ್ಲ. 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್ ಹತ್ತು ರಾಗಗಳನ್ನು ಡಿಸ್ಕೊ ಬಡಿತಕ್ಕೆ ಕೂರಿಸಿದ ಆಲ್ಬಂ ತಂದಾಗಲೂ ಹೀಗೇ ಆಯಿತು. ಜಗತ್ತು ಅದನ್ನು ಕೊಂಡಾಡುವ ಹೊತ್ತಿಗೆ ಕಾಲು ಶತಮಾನ ದಾಟಿತ್ತು. ಕಟ್ಟೆಯಲ್ಲಿದ್ದ ಇನ್ನೊಬ್ಬರು 'ಪ್ರೇಮಲೋಕ' ಸಿನಿಮಾದ ಮಾತು ತೆಗೆಯುತ್ತಾರೆ. 1987ರಲ್ಲಿ ಹಂಸಲೇಖ ಅವರ ಆ ಕ್ಯಾಸೆಟ್ಟು ಮೊಳಕಾಲ್ಮುರು ಬಸ್‌ ಸ್ಟ್ಯಾಂಡಿನಲ್ಲಿ ಬೆಳಗಿನಿಂದ ರಾತ್ರಿವರೆಗೆ ಓಡುತ್ತಿದ್ದುದು ಅವರಿಗೆ ನೆನಪಿದೆ. ಸಿಂಥಸೈಜರ್ ಸದ್ದು ಈ ಊರಿಗೆ ಹೊಸತೇನಲ್ಲ.

ಎಲ್ಲರಿಗಿಂತ ಗಮನವಿಟ್ಟು ಕೇಳಿದವರು ಮೊಳಕಾಲ್ಮುರಿನಿಂದ ನೆಂಟರ ಮನೆಗೆ ಬಂದಿದ್ದ ನೇಕಾರರು. ರೇಷ್ಮೆ ಸೀರೆ ನೇಯುವವರು. ಗುಂಡಿಮಗ್ಗದಲ್ಲಿ ಕೂತವರಿಗೆ ಕಾಲಿನ ತುಳಿತ, ಲಾಳಿಯ ಓಟ, ಹಲಗೆಯ ಬಡಿತ ಮೂರೂ ಕಿವಿಯಲ್ಲೇ ಇರುತ್ತವೆ. ಎಳೆ ಕಡಿದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಅವರು ಹೇಳುತ್ತಾರೆ: "ಯಂತ್ರವೇ ಬಾರಿಸ್ತಿರೋದು. ಆದ್ರೆ ಪಕ್ಕದಲ್ಲಿ ಒಬ್ರು ಕೂತಿದಾರೆ. ಶ್ರುತಿ ಒಂಚೂರು ಜಾರ್ತೈತೆ, ತಿರುಗಿ ಎಳ್ಕಂತಾರೆ."

ನಾನು ದಂಗಾಗುತ್ತೇನೆ. ಆ ಕಾಲದ ಮೂಗ್ ಯಂತ್ರಗಳ ಗುಣವೇ ಅದು. ಕೋಣೆಯ ಶಾಖ ಏರಿದರೆ ಅದರ ಶ್ರುತಿ ಜಾರುತ್ತಿತ್ತು. ಪಕ್ಕದಲ್ಲಿ ನಿಂತು ಗುಂಡಿ ತಿರುಗಿಸಿ ಸರಿಮಾಡಬೇಕಿತ್ತು. ಒಂದು ಸದ್ದು ಬೇಕೆಂದರೆ ಹತ್ತಾರು ವೈರುಗಳನ್ನು ಕೈಯಾರೆ ಜೋಡಿಸಬೇಕು. ವೈರು ಕಿತ್ತರೆ ಆ ಸದ್ದು ಹೋಯಿತು, ಟೇಪಿನಲ್ಲಿ ಹಿಡಿದಷ್ಟೇ ಉಳಿಯಿತು. ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿ ಹದಕ್ಕೆ ತರುವ ಊರಿನವರಿಗೆ, ಶಾಖಕ್ಕೆ ಶ್ರುತಿ ಬದಲಾಗುವ ವಾದ್ಯ ಯಾವ ದೇಶದ್ದಾದರೂ ಅಪರಿಚಿತವಲ್ಲ.

ಇಷ್ಟು ಹೊತ್ತು ಕೇಳಿದ ಮೇಲೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಆಲ್ಬಮ್ಮಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಶರ್ಮಾ ಅವರ 'ಡ್ಯಾನ್ಸ್ ಮ್ಯೂಸಿಕ್'. ಮೈಗೆ ಕೆಲಸ ಕೊಡುವ ಸಂಗೀತಕ್ಕೆ ವಿವರಣೆ ಬೇಕಿಲ್ಲ. ಅಜ್ಜಿಯ ಪ್ರಶ್ನೆಗೆ ಇಡೀ ಆಲ್ಬಮ್ಮಿನಲ್ಲಿ ಉತ್ತರ ಕೊಟ್ಟಿದ್ದು ಅದೊಂದೇ.

ಕಟ್ಟೆಯಿಂದ ಎದ್ದು ಊರ ಹೊರಗೆ ನಡೆದರೆ ಎನಮನ ತಿಮ್ಮಯ್ಯನ ಗುಂಡು ಎಂದು ಕರೆಯುವ ಬಂಡೆ ಸಿಗುತ್ತದೆ. ಅದರ ಮೇಲೆ ಅಶೋಕನ ಶಾಸನ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಇದನ್ನೂ ಬ್ರಹ್ಮಗಿರಿ, ಜಟಿಂಗ ರಾಮೇಶ್ವರದ ಶಾಸನಗಳನ್ನೂ ಬೆಳಕಿಗೆ ತಂದರು. ಮೌರ್ಯರ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ, ಈ ಬಯಲಿನಲ್ಲಿದ್ದ ಇಸಿಲದ ಅಧಿಕಾರಿಗಳಿಗೆ ಬಂದ ಆಜ್ಞೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದ ಚಪಡ ತಾನು ಲಿಪಿಕಾರ ಎಂಬುದನ್ನು ಮಾತ್ರ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಓದಿ ಹೇಳಿ ಜನರಿಗೆ ಕೇಳಿಸಲೆಂದೇ ಹೊರಡಿಸಿದ ಮಾತು ಅದು. ಈ ಬಯಲಿನ ಜನ ದೂರದಿಂದ ಬಂದ ಆ ಹೊಸ ಸದ್ದನ್ನು ನಿಂತು ಕೇಳಿರಬೇಕು. ಕೇಳಿ ಏನಂದರು ಎಂಬುದು ಕಲ್ಲಿನ ಮೇಲಿಲ್ಲ. ಹೇಳಿದವರ ಮಾತು ಉಳಿಯಿತು, ಕೇಳಿದವರದು ಉಳಿಯಲಿಲ್ಲ.

ಇಲ್ಲಿಂದ ಬಳ್ಳಾರಿಯ ಕಡೆ ಹೋದರೆ ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯ ನಾದ ಕೊಡುವ ಬಂಡೆಗಳಿವೆ. ನವಶಿಲಾಯುಗದ ಜನ ಬಡಿದ ಗುರುತು ಅವುಗಳ ಮೇಲೆ ಇನ್ನೂ ಇದೆ. ಹೊಸ ನಾದ ಹುಡುಕಿ ಗುಡ್ಡ ಹತ್ತಿದವರ ಸೀಮೆ ಇದು. ಪ್ರಯೋಗ ಎಂಬುದು ನಗರದ ಸ್ಟುಡಿಯೊದಲ್ಲೇ ಹುಟ್ಟುತ್ತದೆ ಎಂದು ನಾನು ಒಪ್ಪುವುದಿಲ್ಲ.

ಸ್ಪೀಕರ್ ಚಾರ್ಜು ಮುಗಿಯುತ್ತಾ ಬಂದಿದೆ. ಹೊರಡುವ ಮುಂಚೆ ಉರುಮೆಯ ಹಿರಿಯರು ಮನೆಗೆ ಕರೆದು, ಅಟ್ಟದಿಂದ ಒಂದು ಕ್ಯಾಸೆಟ್ ಇಳಿಸಿ ಕೈಗಿಡುತ್ತಾರೆ. ಅವರ ತಂದೆ ಬಾರಿಸಿದ್ದು. ಹಾಕಿ ಕೇಳಲು ಮನೆಯಲ್ಲಿ ಟೇಪ್ ರೆಕಾರ್ಡರ್ ಇಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ನಾಡೋಜ ಸಿರಿಯಜ್ಜಿಯವರ ಹಾಡುಗಳನ್ನು ಹುಡುಕಿ ಹೋಗಿ ಬರೆದುಕೊಂಡವರಿದ್ದರು, ಅದಕ್ಕೇ ಅವು ಉಳಿದವು. ಕಾಡುಗೊಲ್ಲರ ಗಣೆ ಕೊಳಲು, ಮ್ಯಾಸಬೇಡರ ಉರುಮೆ ಹಿಡಿದಿಟ್ಟ ಕ್ಯಾಸೆಟ್ಟುಗಳು ಎಷ್ಟೋ ಹಟ್ಟಿಗಳಲ್ಲಿ ಹೀಗೆ ಅಟ್ಟದ ಮೇಲೆ, ಬೇಸಿಗೆಯ ಬಿಸಿಗೆ ಹಾಳಾಗುತ್ತಾ ಬಿದ್ದಿವೆ. ಅಹಮದಾಬಾದಿನ ಸುರುಳಿಗಳಿಗೆ ಬೀರು ಸಿಕ್ಕಿತು, ಹುಡುಕಿ ಬಂದವರು ಸಿಕ್ಕರು.

ನಿಮ್ಮ ಮನೆಯಲ್ಲಿ ಅಂಥ ಕ್ಯಾಸೆಟ್ ಇದ್ದರೆ ಈ ಬೇಸಿಗೆಯೊಳಗೆ ಕೆಳಗಿಳಿಸಿ. ಸರಿಯಾದ ಪ್ಲೇಯರ್ ಇರುವವರನ್ನು ಹುಡುಕಿ ಕಂಪ್ಯೂಟರಿಗೆ ಹಾಕಿಸಿ, ಬಾರಿಸಿದವರ ಹೆಸರು, ಊರು, ಇಸವಿ ಬರೆದಿಡಿ. ಆಮೇಲೆ ಊರ ಕಟ್ಟೆಯ ಮೇಲೆ ಅದನ್ನು ಜೋರಾಗಿ ಹಾಕಿ. ಕೇಳಿದವರು ಏನಂದರು ಎಂಬುದನ್ನೂ ಅದರ ಪಕ್ಕದಲ್ಲೇ ಬರೆಯಿರಿ.