ಬಿಸಿಲಿಗೊಂದು ಘಟಿಕಾಸ್ಥಾನ

ನಮ್ಮ ಸೇಡಂ ಸೀಮೆಯ ಬಿಸಿಲನ್ನು ಹೊಗಳಿದ ಕವಿಯನ್ನು ನಾನಿನ್ನೂ ಕಂಡಿಲ್ಲ. ಮೇ ತಿಂಗಳ ಮಧ್ಯಾಹ್ನ ಚಿಂಚೋಳಿಯಲ್ಲಿ ನಾಯಿಯೂ ನೆರಳು ಬಿಟ್ಟು ಕದಲುವುದಿಲ್ಲ. ಶಹಾಬಾದಿನ ಫರಸಿಯ ಮೇಲೆ ಬರಿಗಾಲಿಡುವಂತಿಲ್ಲ. ಈ ಬಿಸಿಲೂ ಒಂದು ಸಂಪತ್ತೆಂದು ನನಗೆ ತಿಳಿಸಿಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ. ಬಿ.ಎಸ್ಸಿ. ತರಗತಿಯಲ್ಲಿ ನನ್ನಲ್ಲಿ ಕನ್ನಡ ಓದಿದ ಆಕೆ ಈಗ ದೂರದ ಪ್ರಯೋಗಾಲಯವೊಂದರಲ್ಲಿ ಬೆಳಕಿನಿಂದ ನೀರನ್ನು ಒಡೆಯುತ್ತಾಳೆ.

ಎಲೆ ಸದ್ದಿಲ್ಲದೆ ಮಾಡುವ ಕೆಲಸವೇ ಅದು. ನೀರು ಒಡೆದು ಜಲಜನಕ ಬಂದರೆ ಅದೇ ಉರುವಲು. ಬರಡು ನೆಲದಲ್ಲಿ ಬಿಸಿಲಿನಿಂದ ನಡೆಯುವ, ಹೊಗೆಯಿಲ್ಲದ ಕಾರ್ಖಾನೆಗಳ ಕನಸನ್ನು ಇಟಲಿಯ ಚಾಮಿಚಾನ್ 1912ರಲ್ಲೇ ಕಂಡಿದ್ದ. 1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡಿನ ಮೇಲೆ ಬೆಳಕು ಹಾಯಿಸಿ ನೀರನ್ನು ಒಡೆದು ತೋರಿಸಿದರು. ಬೆಂಗಳೂರಿನ ಜಕ್ಕೂರಿನಲ್ಲಿ ನಮ್ಮ ಸಿ. ಎನ್. ಆರ್. ರಾವ್ ಅವರೂ ಈ ದಾರಿಯಲ್ಲಿ ದುಡಿದವರು. ಆದರೆ ಆ ಟೈಟಾನಿಯಂ ವಸ್ತು ಹೀರುವುದು ಬಿಸಿಲಿನ ಸಣ್ಣ ಪಾಲಾದ ಅತಿನೇರಳೆ ಕಿರಣವನ್ನು. ಹೆಚ್ಚು ಹೀರುವ ಹಲವು ವಸ್ತುಗಳು ನೀರಿನಲ್ಲಿ ಬೇಗ ಕೆಡುತ್ತವೆ. ಅಗ್ಗವೂ ಆಗಬೇಕು, ಬಾಳಿಕೆಯೂ ಬರಬೇಕು. ವರ್ಷಗಟ್ಟಲೆ ತಾಳ್ಮೆ ಬೇಡುವ ಕೆಲಸ.

ವಾಡಿಯ ಸಿಮೆಂಟು ಕಾರ್ಖಾನೆಯನ್ನು ನೋಡಿದವರಿಗೆ ಇದರ ಬೆಲೆ ತಿಳಿದೀತು. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಯವರೆಗೆ ಕಾಯಿಸುವಾಗ ಕಲ್ಲಿದ್ದಲಷ್ಟೇ ಅಲ್ಲ, ಕಲ್ಲೂ ಇಂಗಾಲದ ಡೈಆಕ್ಸೈಡನ್ನು ಉಗುಳುತ್ತದೆ. ಅದಕ್ಕೆ ಜಲಜನಕ ಕೂಡಿಸಿ ಮೆಥನಾಲ್ ಎಂಬ ಇಂಧನ ಮಾಡಬಹುದು. ಬಿಸಿಲೂ ನಮ್ಮದೇ, ಹೊಗೆಯೂ ನಮ್ಮದೇ!

ಇಷ್ಟೆಲ್ಲ ವಿವರಿಸಿದವಳು ಕೊನೆಗೆ ನಕ್ಕು, “ಬಿಸಲು ದಿನಾ ತಪ್ಪದ ಬರ್ತದ್ರಿ ಸರ, ಫೆಲೋಶಿಪ್ಪೇ ಬರವಲ್ದು” ಎಂದಳು. ನಾಲ್ಕು ತಿಂಗಳ ಬಾಕಿಯಂತೆ. 2023ರ ಜನವರಿಯಿಂದ ಅನ್ವಯವಾಗುವಂತೆ ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿಗೆ ಏರಿತು, ನಿಜ. ಅದೇ ತಿಂಗಳು ಕೇಂದ್ರ ಸರಕಾರ ಹಸಿರು ಜಲಜನಕ ಯೋಜನೆಗೆ 19,744 ಕೋಟಿ ರೂಪಾಯಿ ಒಪ್ಪಿತು. ಅದರಲ್ಲಿ ಸಂಶೋಧನೆಯ ಪಾಲು 400 ಕೋಟಿ. ಆದರೆ ಕಾಗದದ ಮೇಲಿನ ಹಣ ಬೇರೆ, ಬಾಡಿಗೆಯ ದಿನ ಕೈಯಲ್ಲಿರುವ ಹಣ ಬೇರೆ. “ಬಿ.ಎಡ್. ಮಾಡಿ ಮಾಸ್ತರಕಿ ಹಿಡಿಯವ್ವ” ಎಂದು ಅವಳ ತಂದೆ ಹೇಳತೊಡಗಿದ್ದಾರೆ. ಆ ಮಾತಿನಲ್ಲಿ ತಪ್ಪೇನಿದೆ?

ಚಿತ್ತಾಪುರದ ಮಗ್ಗುಲಲ್ಲೇ ನಾಗಾವಿಯಿದೆ. ಅಲ್ಲಿಯ ಘಟಿಕಾಸ್ಥಾನಕ್ಕೆ ಬಿಟ್ಟ ದತ್ತಿಯನ್ನು 1058ರ ಶಾಸನ ಹೇಳುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು, ಗುರುಗಳು, ಪುಸ್ತಕ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗಳು. ನನ್ನ ವಿದ್ಯಾರ್ಥಿನಿಯಂಥವರಿಗೆ ಅಲ್ಲಿ ಬಾಗಿಲು ತೆರೆಯುತ್ತಿರಲಿಲ್ಲವೆಂಬುದನ್ನು ನಾನು ಮರೆತಿಲ್ಲ. ಆದರೂ ಓದುವವನು ಉಣ್ಣಲೂ ಬೇಕೆಂಬುದನ್ನು ಆ ಕಾಲದವರು ಕಲ್ಲಿನಲ್ಲಿ ಕೊರೆದಿಟ್ಟರು.

ಇಂದು ಬಾಗಿಲು ತೆರೆದಿದೆ, ಊಟದ ಹೊತ್ತು ಮಾತ್ರ ತಪ್ಪುತ್ತಿದೆ. ಸರಕಾರ ಹೊತ್ತಿಗೆ ಸರಿಯಾಗಿ ಕೊಡಲಿ. ಅಲ್ಲಿಯವರೆಗೆ ನಮ್ಮ ಐದೂರುಗಳ ಉಳ್ಳವರು ಸೇರಿ, ಬಾಕಿ ಬರುವ ತನಕ ಬಡ್ಡಿಯಿಲ್ಲದ ಕೈಗಡ ಕೊಡುವ ಪುಟ್ಟ ನಿಧಿಯೊಂದನ್ನು ಕಟ್ಟಬಾರದೇಕೆ? ಶಾಸನ ಬೇಡ, ಒಂದು ಬ್ಯಾಂಕಿನ ಪುಸ್ತಕ ಸಾಕು.